ಬೆಲೀಜ್‌ಗೆ ಒಂದು ವಾರ: ವಿದ್ಯಾಗಿರಿಯ ಹುಡುಗ ಹಾಕಿಕೊಟ್ಟ ಪ್ಲ್ಯಾನ್ ಹೇಗಿತ್ತು

ಮಗನೋ ಮಗಳೋ ಅಮೆರಿಕದಲ್ಲಿದ್ದು, ಮೂರು ತಿಂಗಳಿಗೆಂದು ಅಲ್ಲಿಗೆ ಹೋಗಿ, ಮನೆಯೊಳಗೇ ಕೂತು, ಮೊಮ್ಮಕ್ಕಳಿಗೆ ಊಟ ಮಾಡಿಸಿ ವಾಪಸ್ ಬರುವ ತಂದೆ-ತಾಯಿಗಳು ಈಗ ಬಾಗಲಕೋಟೆಯಲ್ಲಿ ಓಣಿಗೆ ಇಬ್ಬರು ಮೂವರಿದ್ದಾರೆ. ನಾವೂ ಅಂಥವರೇ. ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಅಲ್ಲಿಂದ ವಿಮಾನದಲ್ಲಿ ಎರಡೂವರೆ ತಾಸಿಗೆ ಮಧ್ಯ ಅಮೆರಿಕದ ಬೆಲೀಜ್ ಅನ್ನುವ ಸಣ್ಣ ದೇಶ. 2024ರ ಫೆಬ್ರವರಿ ಕೊನೆಗೆ ನಾನೂ ನಮ್ಮವರೂ ಒಂದು ವಾರ ಅಲ್ಲಿದ್ದು ಬಂದೆವು. ಪ್ಲ್ಯಾನ್ ಹಾಕಿಕೊಟ್ಟವನು ನಮ್ಮ ವಿದ್ಯಾಗಿರಿಯ ಒಬ್ಬ ಹುಡುಗ. ಈಗ ನನ್ನ ತಂಗಿ, ಅವಳ ಗಂಡ ಅದೇ ದಾರಿ ಹಿಡಿದು ಹೊರಟಿದ್ದಾರೆ. ಅವಳಿಗೆ ಹೇಳಬೇಕಾದ್ದನ್ನೆಲ್ಲ ಕೂತು ಬರೆಯುತ್ತಿದ್ದೇನೆ, ಉಳಿದವರಿಗೂ ಉಪಯೋಗವಾಗಲಿ.

ಹುಡುಗ ತನ್ನ ಹೆಸರು ಬರೆಯಬೇಡಿ ಅಂದಿದ್ದಾನೆ. ಝೆರಾಕ್ಸ್ ಅಂಗಡಿ ಮೇಲಿನ ಒಂದು ಕೋಣೆಯೇ ಅವನ ಆಫೀಸು. ಒಂದು ಟೇಬಲ್, ಗೋಡೆಗೆ ಜಗತ್ತಿನ ನಕಾಶೆ, ಮೂರು ಪ್ಲಾಸ್ಟಿಕ್ ಕುರ್ಚಿ. ಮೊದಲು ಪುಣೆಯಲ್ಲಿ ಫಾರಿನ್ ಟೂರ್ ಕೆಲಸದಲ್ಲಿದ್ದು, ತಂದೆಗೆ ಆರಾಮಿಲ್ಲದಾದಾಗ ಊರಿಗೆ ಬಂದವನು. ಪ್ಯಾಕೇಜ್ ಮಾರುವುದಿಲ್ಲ. ಕೂತು ಪ್ಲ್ಯಾನ್ ಹಾಕಿಕೊಡುತ್ತಾನೆ, ಅದಕ್ಕೆ ಫೀ ತಗೊಳ್ಳುತ್ತಾನೆ. ನಮ್ಮಿಬ್ಬರಿಗೂ ಕೂಡಿ 7,500 ರೂಪಾಯಿ. ಹೋಟೆಲ್, ಗಾಡಿ, ವಿಮಾನದ ದುಡ್ಡು ನಾವೇ ನೇರವಾಗಿ ಕಟ್ಟಿದೆವು. ಅದರಲ್ಲಿ ಅವನದು ಒಂದು ರೂಪಾಯಿಯೂ ಇಲ್ಲ. ಇದು ನನಗೆ ಹಿಡಿಸಿತು. ಯಾವ ಹೋಟೆಲ್ ಹೇಳಿದರೂ ಅವನಿಗೆ ಸಿಗುವುದು ಅಷ್ಟೇ, ಅಂದ ಮೇಲೆ ಅವನ ಮಾತು ನಂಬಬಹುದು.

ಬೆಲೀಜೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು, ತವರೂರು ಬಾದಾಮಿ. ಒಂದು ಸಲ ಎಂಟನೇ ಇಯತ್ತೆಗೆ ಚಾಲುಕ್ಯರ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್ರೀ, ಇಮ್ಮಡಿ ಪುಲಕೇಶಿ ಇಲ್ಲಿ ಆಳೂವಾಗ ಅಮೆರಿಕಾದಾಗ ಯಾರ ರಾಜಾ ಇದ್ರು?” ಅಂದಳು. ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಅಂದೆ. ಆ ನಾಳೆ ಬರಲು ಬಹಳ ವರ್ಷ ಹಿಡಿಯಿತು. ರಿಟೈರ್ ಆದ ಮೇಲೆ ಓದುತ್ತಾ ಹೋದಂತೆ ಉತ್ತರ ಸಿಕ್ಕಿತು. ಇಮ್ಮಡಿ ಪುಲಕೇಶಿ ಆಳಿದ್ದು ಸುಮಾರು 610ರಿಂದ 642ರವರೆಗೆ. ಅದೇ ಹೊತ್ತಿಗೆ, 618ರಿಂದ 658ರವರೆಗೆ, ಇಂದಿನ ಬೆಲೀಜ್‌ನ ಕಾಡಿನಲ್ಲಿ ಮಾಯಾ ಅನ್ನುವ ಅಲ್ಲಿಯ ಹಳೇ ಜನಾಂಗದವರ ಕಾರಕೋಲ್ ನಗರವನ್ನು ಇಮ್ಮಡಿ ಕಾನ್ ಅನ್ನುವ ಅರಸ ಆಳುತ್ತಿದ್ದ. ಇವನೂ ಇಮ್ಮಡಿ, ಅವನೂ ಇಮ್ಮಡಿ. ಆ ಊರಿನ ಕಲ್ಲನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವುದು ಅವತ್ತೇ ತಲೆಯಲ್ಲಿ ಕೂತಿತು.

ಹುಡುಗನ ಹತ್ತಿರ ಹೋಗುವ ಮೊದಲು ಒಂದು ದೊಡ್ಡ ಟೂರ್ ಕಂಪನಿಗೆ ಫೋನ್ ಮಾಡಿದ್ದೆ. ಐದು ದೇಶ, ಹನ್ನೊಂದು ದಿನ ಅಂದರು. ಕಾರಕೋಲ್ ಇದೆಯಾ ಅಂದರೆ, “ಅದು ದಾರಿಯಲ್ಲಿ ಬರೋಲ್ಲ ಮೇಡಂ, ಆದರೆ ಬೀಚ್ ಇದೆ” ಅಂದರು. ಅಲ್ಲಿಗೇ ಬಿಟ್ಟೆ.

ಹುಡುಗ ಮೊದಲ ದಿನವೇ ಹೇಳಿದ: “ಅಕ್ಕೋರ, ನಾ ಆ ದೇಶಕ್ಕ ಹೋಗಿಲ್ಲ. ಹೋದಾವ್ರನ್ನ ಕೇಳಿ, ಓದಿ, ಒಂದ್ ವಾರದಾಗ ಹೇಳ್ತೀನ್ರಿ. ನನ್ನ ಕಡಿಂದ ಆಗೂದಿಲ್ಲ ಅನಿಸಿದ್ರ ಅದನ್ನೂ ಹೇಳ್ತೀನಿ.” ಆಮೇಲೆ ಮೂರು ಪ್ರಶ್ನೆ ಕೇಳಿದ. ಮುಂಜಾನೆ ಎಷ್ಟಕ್ಕೆ ಏಳುತ್ತೀರಿ? ಯಾವುದೊಂದನ್ನು ನೋಡದೆ ಬಂದರೆ ಹೋಗಿದ್ದೇ ದಂಡ ಅನಿಸುತ್ತದೆ? ಮೂರನೆಯದನ್ನು ನಮ್ಮವರ ಕಡೆ ತಿರುಗಿ ಕೇಳಿದ: “ಕಾಕಾರ, ಬಾದಾಮಿಯೊಳಗ ಎಷ್ಟನೇ ಗುಹೆ ತನಕ ನಿಲ್ಲದ ಏರ್ತೀರಿ?”

ನಮ್ಮವರು ಹೆಸ್ಕಾಂನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೊದಲೆಲ್ಲ ಕಂಬ ಹತ್ತಿದ ಕಾಲು, ಈಗ ಮೊಣಕಾಲು ಹಿಡಿಯುತ್ತದೆ. “ಎರಡನೇದ್ರ ತನಕ ಹೋಗ್ತೀನಿ. ಮೂರನೇದಕ್ಕ ಮುಟ್ಟೂದ್ರಾಗ ಒಮ್ಮಿ ಕೂಡಬೇಕು” ಅಂದರು. ಹುಡುಗ ಅದನ್ನು ಬರೆದುಕೊಂಡ. ಮೊಣಕಾಲು ನೋವು ಇದೆಯೇ ಅಂತ ಕೇಳಿದ್ದರೆ ನಮ್ಮವರು ಇಲ್ಲ ಅಂದೇ ಬಿಡುತ್ತಿದ್ದರು. ಗುಹೆ ಲೆಕ್ಕದಲ್ಲಿ ಕೇಳಿದ್ದಕ್ಕೆ ಖರೇ ಉತ್ತರ ಬಂತು. ಮುಂದೆ ಅವನು ಕೊಟ್ಟ ಕಾಗದದಲ್ಲಿ ಪ್ರತಿ ಜಾಗದ ಮುಂದೆಯೂ ಇದೇ ಅಳತೆ ಇತ್ತು: “ಎರಡನೇ ಗುಹೆಯಷ್ಟು, ಇಬ್ಬರೂ ಏರಬಹುದು.” “ನಾಲ್ಕನೇ ಗುಹೆಗಿಂತ ಹೆಚ್ಚು, ಕಾಕಾ ಕೆಳಗೆ ಕೂಡುವುದು, ನೆರಳಿದೆ.”

ಎರಡನೇ ಸಲ ಹೋದಾಗ ಟೇಬಲ್ ಮೇಲೆ ಬೆಲೀಜ್‌ನ ನಕಾಶೆ ಹರಡಿದ್ದ, ಕೈಯಲ್ಲಿ ದಾರ. ದೇಶ ಎಷ್ಟು ದೊಡ್ಡದು ಅಂದರೆ 22,966 ಚದರ ಕಿಲೋಮೀಟರ್. ನಮ್ಮ ಬೆಳಗಾವಿ, ವಿಜಯಪುರ ಜಿಲ್ಲೆ ಎರಡನ್ನೂ ಕೂಡಿಸಿದರೆ ಹೆಚ್ಚುಕಡಿಮೆ ಅಷ್ಟೇ. ಜನ ಸುಮಾರು 4 ಲಕ್ಷ; ಬೆಳಗಾವಿ ಶಹರದಲ್ಲೇ ಅದಕ್ಕಿಂತ ಹೆಚ್ಚು ಇದ್ದಾರೆ. ಇಷ್ಟು ಸಣ್ಣ ದೇಶವನ್ನು ಒಂದು ವಾರದಲ್ಲಿ ಪೂರ್ತಿ ತಿರುಗಿಬಿಡಬಹುದು ಅಂತ ನಾನು ಅಂದುಕೊಂಡಿದ್ದೆ. ನನ್ನ ಪಟ್ಟಿಯಲ್ಲಿ ಹನ್ನೊಂದು ಜಾಗ ಇದ್ದವು. ಅವನು ಊರಿಂದ ಊರಿಗೆ ದಾರ ಇಟ್ಟು ಎಳೆದು, ಸ್ಕೇಲ್ ಮೇಲೆ ಹಿಡಿದು ತೋರಿಸಿದ. “ಅಕ್ಕೋರ, ಹನ್ನೊಂದೂ ನೋಡಿದ್ರ ನೀವು ಗಾಡಿ ಕಿಡಕಿ ನೋಡಿ ಬರ್ತೀರಿ. ಎರಡ ಊರಾಗ ಮಲಗ್ರಿ. ಒಂದು ಗುಡ್ಡದ ಕಡೆ, ಒಂದು ಸಮುದ್ರದ ಕಡೆ. ಸಾಕು.”

ಹೀಗೆ ಒಂದೊಂದೇ ಹೋದವು. ಸಮುದ್ರದ ನಡುವೆ ಇರುವ ದೊಡ್ಡ ನೀಲಿ ಗುಂಡಿ, ಅಡ್ಡ ಸುಮಾರು 300 ಮೀಟರ್, ಆಳ 120 ಮೀಟರ್‌ಗಿಂತ ಹೆಚ್ಚು, ಜಗತ್ತೆಲ್ಲ ಅದರ ಫೋಟೋ ನೋಡಿದೆ. ಅದರ ಆಕಾರ ಕಾಣುವುದು ಮೇಲಿಂದ, ಸಣ್ಣ ವಿಮಾನ ಮಾಡಬೇಕು, ತುಟ್ಟಿ. ಹೋಯಿತು. ಗಡಿ ದಾಟಿ ಗ್ವಾಟೆಮಾಲಾದ ತಿಕಾಲ್ ಅನ್ನುವ ಹಳೇ ಮಾಯಾ ನಗರ ನೋಡುವುದು ಹೋಯಿತು. ಬೆಲೀಜ್ ಸಿಟಿ ಹೋಯಿತು. ಅದು ದೊಡ್ಡ ಊರು, ರಾಜಧಾನಿ ಮಾತ್ರ ಬೆಲ್ಮೋಪಾನ್. 1961ರ ಹ್ಯಾಟಿ ಚಂಡಮಾರುತ ಕರಾವಳಿಯ ಊರನ್ನು ಹಾಳು ಮಾಡಿದ ಮೇಲೆ ರಾಜಧಾನಿಯನ್ನು ಒಳನಾಡಿಗೆ ಒಯ್ದರು. ನನಗೆ ಹೊಟ್ಟೆ ಉರಿದದ್ದು ಒಂದಕ್ಕೇ: ಆಕ್ತುನ್ ತುನಿಚಿಲ್ ಮುಕ್ನಾಲ್ ಅನ್ನುವ ಗವಿ. ಒಳಗೆ ಮಾಯಾ ಕಾಲದ ಮಡಕೆಗಳು, ಸುಣ್ಣದ ಹರಳು ಕಟ್ಟಿ ಹೊಳೆಯುವ ಅಸ್ಥಿಪಂಜರ. ಆದರೆ ಬಾಗಿಲಲ್ಲೇ ಈಜಬೇಕು, ಒಳಗೆ ನೀರಲ್ಲಿ ಬಂಡೆ ಹತ್ತಿ ಇಳಿಯಬೇಕು. ಪ್ರವಾಸಿಯೊಬ್ಬನ ಕೈಯಿಂದ ಕ್ಯಾಮೆರಾ ಜಾರಿ ಒಂದು ತಲೆಬುರುಡೆ ಒಡೆದಿದ್ದರಿಂದ 2012ರಿಂದ ಕ್ಯಾಮೆರಾನೂ ಬಿಡುವುದಿಲ್ಲ. ಅದರ ಬದಲಿಗೆ ಬಾರ್ಟನ್ ಕ್ರೀಕ್ ಗವಿ ಹಾಕಿದ. ಅಲ್ಲಿ ದೋಣಿಯಲ್ಲಿ ಕೂತೇ ಒಳಗೆ ಹೋಗಿ ಬರಬಹುದು. ಇದಕ್ಕೆ ನಾನು ಅವನಿಗೆ ಇವತ್ತಿಗೂ ಋಣಿ.

ವೀಸಾ ವಿಷಯದಲ್ಲಿ ಅವನ ಕೆಲಸ ಪಕ್ಕಾ. ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಬೆಲೀಜ್ ವೀಸಾ ಬೇರೆ ಬೇಕಾಗಿರಲಿಲ್ಲ. ಹುಡುಗ ನಮ್ಮ ಪಾಸ್‌ಪೋರ್ಟ್ ಬಿಚ್ಚಿ, ವೀಸಾದಲ್ಲಿ ಎಂಟ್ರಿ ಅಂತ ಬರೆದ ಕಡೆ ‘ಎಮ್’ ಅಕ್ಷರ ಇದೆಯೋ ಇಲ್ಲವೋ ಬೆರಳಿಟ್ಟು ನೋಡಿದ. ಅದು ಇಲ್ಲದೆ ಹೋಗಿದ್ದರೆ ಬೆಲೀಜ್‌ನಿಂದ ಮಗನ ಮನೆಗೆ ವಾಪಸ್ ಬರುವುದೂ ಆಗುತ್ತಿರಲಿಲ್ಲ. ನಿಯಮದ ಹಾಳೆಯನ್ನು ಎರಡು ಪ್ರಿಂಟ್ ತೆಗೆದು ಇಬ್ಬರ ಕೈಯಲ್ಲೂ ಕೊಟ್ಟ. ಹ್ಯೂಸ್ಟನ್‌ನಲ್ಲಿ ಕೌಂಟರಿನ ಹುಡುಗಿಗೆ ಈ ನಿಯಮ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ನಿಂತೆವು. ಹಾಳೆ ತೆಗೆದು ಕೊಟ್ಟ ಮೇಲೆ ಒಳಗೆ ಹೋಗಿ ಕೇಳಿ ಬಂದು ಬೋರ್ಡಿಂಗ್ ಪಾಸ್ ಕೊಟ್ಟಳು. ನಿಯಮ ಬದಲಾಗುತ್ತಿರುತ್ತದೆ, ಆದ್ದರಿಂದ ಹೋಗುವ ತಿಂಗಳಲ್ಲೇ ಮತ್ತೊಮ್ಮೆ ನೋಡಿಸಿಕೊಳ್ಳಿ.

ಕೊನೆಗೆ ಕೈಗೆ ಬಂದದ್ದು ಏಳು ಹಾಳೆ, ದಿನಕ್ಕೊಂದು. ದಪ್ಪ ಅಕ್ಷರದಲ್ಲಿ ಕನ್ನಡ. ಡ್ರೈವರನ ಹೆಸರು, ಗಾಡಿ ಬರುವ ಹೊತ್ತು, ನಮ್ಮವರ ಸಕ್ಕರೆ ಮಾತ್ರೆ ತಗೊಳ್ಳುವ ಹೊತ್ತು ಕೂಡ. ಒಂದು ಸಾಲು ಪ್ರತಿ ಹಾಳೆಯ ಕೆಳಗೂ ಇತ್ತು: “ರೇಟ್ ಹೇಳಿದಾಗ ಯಾವ ಡಾಲರ್ ಅಂತ ಕೇಳಿರಿ.” ಅಲ್ಲಿ ಅಮೆರಿಕದ ಡಾಲರೂ ನಡೆಯುತ್ತದೆ, ಬೆಲೀಜ್ ಡಾಲರೂ ನಡೆಯುತ್ತದೆ. ಎರಡು ಬೆಲೀಜ್ ಡಾಲರ್‌ಗೆ ಒಂದು ಅಮೆರಿಕ ಡಾಲರ್, ಗಟ್ಟಿ ದರ. ಕೇಳದಿದ್ದರೆ ಎರಡು ಪಟ್ಟು ಕೊಟ್ಟು ಬರುತ್ತೇವೆ. ಈ ಒಂದು ಸಾಲಿನಿಂದಲೇ ಅವನ ಫೀ ವಸೂಲಾಯಿತು ಅಂತ ನಮ್ಮವರು ಹೇಳುತ್ತಾರೆ.

ಇನ್ನು ತಪ್ಪುಗಳು. ಎರಡು ಆದವು, ಎರಡೂ ಸಣ್ಣವಲ್ಲ.

ಮೊದಲನೆಯದು ಊಟದ್ದು. ನಾವು ಮಾಂಸ, ಮೀನು, ತತ್ತಿ ಮುಟ್ಟುವವರಲ್ಲ. ಇದನ್ನು ಮೊದಲ ದಿನವೇ ಹೇಳಿದ್ದೆ. ಹಾಳೆಯಲ್ಲಿ ಹುಡುಗ ಬರೆದಿದ್ದ: “ಅನ್ನ, ಕಾಳು ಎಲ್ಲ ಕಡೆ ಸಿಗುತ್ತದೆ. ಚಿಂತಿ ಬ್ಯಾಡ.” ಸಿಗುವುದೇನೋ ಖರೆ. ಅಲ್ಲಿ ಕೆಂಪು ರಾಜ್ಮಾ ಕಾಳನ್ನು ತೆಂಗಿನಹಾಲಿನಲ್ಲಿ ಅಕ್ಕಿಯೊಂದಿಗೆ ಕೂಡಿಸಿ ಬೇಯಿಸಿದರೆ ‘ರೈಸ್ ಆ್ಯಂಡ್ ಬೀನ್ಸ್’, ಅನ್ನ ಬೇರೆ, ಕಾಳಿನ ಸಾರು ಬೇರೆ ಕೊಟ್ಟರೆ ‘ಬೀನ್ಸ್ ಆ್ಯಂಡ್ ರೈಸ್’. ಮಾತು ಹಿಂದುಮುಂದಾದರೆ ತಾಟೇ ಬೇರೆ ಬರುತ್ತದೆ. ಎರಡನೇ ದಿನ ಬಾರ್ಟನ್ ಕ್ರೀಕ್‌ನಿಂದ ವಾಪಸ್ ಬರುವಾಗ ಹಸಿವಾಗಿತ್ತು. ದಾರಿಯಲ್ಲಿ ಒಂದು ಊಟದ ಮನೆ. ಘಮಘಮ ಕಾಳಿನ ಸಾರು, ಮೇಲೆ ಹುರಿದ ಬಾಳೆಕಾಯಿ. ನಮ್ಮವರು ಅನ್ನ ಕಲಸಿ ತುತ್ತು ಎತ್ತಿದ್ದರು. ಸಾರಿನಲ್ಲಿ ಬೆರಳುದ್ದದ ಗುಲಾಬಿ ತುಂಡೊಂದು ಕಂಡಿತು. ಏನಿದು ಅಂತ ಕೇಳಿದರೆ ಆ ತಾಯಿ ಖುಷಿಯಿಂದ ಹೇಳಿದಳು, ಉಪ್ಪು ಹಾಕಿಟ್ಟ ಹಂದಿಬಾಲ, ಅದಿಲ್ಲದೆ ಕಾಳಿಗೆ ರುಚಿ ಎಲ್ಲಿಂದ ಬರುತ್ತದೆ ಅಂತ. ಅವಳದೇನೂ ತಪ್ಪಿಲ್ಲ, ಅವರ ಅಡಿಗೆಯೇ ಹಾಗೆ. ಕಾಳನ್ನು ಹಂದಿಯ ಕೊಬ್ಬಿನಲ್ಲಿ ಒಗ್ಗರಿಸುವ ಮನೆಗಳೂ ಇವೆ. ನಮ್ಮವರು ತುತ್ತು ತಾಟಿಗೇ ಇಟ್ಟು, ಕೈ ತೊಳೆದು, ಗಾಡಿಯಲ್ಲಿ ಹೋಗಿ ಕೂತರು. ಸಂಜೆಯವರೆಗೆ ಮಾತಿಲ್ಲ.

ನಾನು ಅಲ್ಲಿಂದಲೇ ಹುಡುಗನಿಗೆ ಫೋನ್ ಹಚ್ಚಿದೆ. ಅಲ್ಲಿ ಮಧ್ಯಾಹ್ನ ಒಂದೂವರೆ. ಬಾಗಲಕೋಟೆ ಅವರಿಗಿಂತ ಹನ್ನೊಂದೂವರೆ ತಾಸು ಮುಂದೆ, ಅಂದರೆ ಇಲ್ಲಿ ರಾತ್ರಿ ಒಂದು ಗಂಟೆ. ಎರಡನೇ ರಿಂಗಿಗೆ ಎತ್ತಿದ. ನಾನು ಸಿಟ್ಟಿನಲ್ಲೇ ಮಾತಾಡಿದೆ. ಅವನು ಒಂದು ಮಾತೂ ಎದುರಾಡಲಿಲ್ಲ. “ತಪ್ಪಾತ್ರಿ ಅಕ್ಕೋರ. ಕಾಳು ಅಂದ್ರ ಕಾಳ ಅಂತ ತಿಳ್ಕೊಂಡೆ, ಅದ್ರಾಗ ಏನ್ ಹಾಕ್ತಾರ ಕೇಳ್ಲಿಲ್ಲ” ಅಂದ. ಅರ್ಧ ತಾಸಿನೊಳಗೆ ನಾವು ಇಳಿದುಕೊಂಡಿದ್ದ ಸ್ಯಾನ್ ಇಗ್ನಾಸಿಯೊದ ಗೆಸ್ಟ್‌ಹೌಸ್ ಅಮ್ಮನಿಗೆ ತಾನೇ ಫೋನ್ ಮಾಡಿದ್ದ. ಅವತ್ತು ರಾತ್ರಿಯಿಂದ ಆಕೆ ನಮಗೆಂದೇ ಬೇರೆ ಪಾತ್ರೆಯಲ್ಲಿ ತೆಂಗಿನಹಾಲು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿ ಕಾಳು ಬೇಯಿಸಿಕೊಟ್ಟಳು. ಅದಕ್ಕೆ ಮೇರಿ ಶಾರ್ಪ್ ಅನ್ನುವ ಅಲ್ಲಿನ ಖಾರದ ಸಾಸ್: ಹಬನೆರೊ ಮೆಣಸಿನಕಾಯಿ, ಗಜ್ಜರಿ ಅರೆದು ಮಾಡಿದ್ದು. ಬ್ಯಾಡಗಿ ಖಾರ ಉಣ್ಣುವ ನಮ್ಮವರೇ ಮೊದಲ ದಿನ ನೀರು ಹುಡುಕಿದರು, ಮೂರನೇ ದಿನ ಬಾಟಲಿ ಕೊಂಡರು. ಮೆಣಸಿನಕಾಯಿಯಾಗಲಿ ಗೋವಿನಜೋಳವಾಗಲಿ ನಮ್ಮ ಕಡೆಗೆ ಬಂದದ್ದು ಅಮೆರಿಕ ಖಂಡಗಳಿಂದಲೇ. ಮೆಣಸಿನಕಾಯಿಯ ತವರುಮನೆಯಲ್ಲಿ ಕೂತು ಊಟ ಮಾಡಿದ ಹಾಗಾಯಿತು.

ಎರಡನೇ ತಪ್ಪು ಶನಿವಾರದ್ದು. ಮುಂಜಾನೆ ಸ್ಯಾನ್ ಇಗ್ನಾಸಿಯೊ ಸಂತೆ, ಮಧ್ಯಾಹ್ನ ಬಸ್ ಹಿಡಿದು ಶುನಾನ್‌ತುನಿಚ್ ಅನ್ನುವ ಮಾಯಾ ಗುಡಿಗಳ ಜಾಗ ಅಂತ ಹಾಳೆಯಲ್ಲಿತ್ತು. ಒಂದು ಸಲ ಬಸ್ಸಿನಲ್ಲಿ ಹೋಗಿ, ಊರ ಜನ ಕಾಣುತ್ತಾರೆ ಅನ್ನುವುದು ಅವನ ಆಸೆ. ಸಂತೆ ಭಾಳ ಛಲೋ ಇತ್ತು. ಟೊಪ್ಪಿಗೆ, ಪಟ್ಟಿ ಪ್ಯಾಂಟಿನ, ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ ರೈತರು ಕಲ್ಲಂಗಡಿ ಮಾರುತ್ತಿದ್ದರು. 1958ರಲ್ಲಿ ಮೆಕ್ಸಿಕೊದಿಂದ ಬಂದು ನೆಲೆಸಿದ ಜನ, ಕೆಲವರು ಇನ್ನೂ ಕುದುರೆ ಗಾಡಿಯಲ್ಲೇ ಓಡಾಡುತ್ತಾರೆ. ಬಸ್ಸೂ ಛಲೋ ಇತ್ತು. ಅಮೆರಿಕದ ಹಳೇ ಸ್ಕೂಲ್ ಬಸ್ಸು. ಸೀಟು ಮಕ್ಕಳ ಅಳತೆಯದಾದ್ದರಿಂದ ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತದೆ. ಕಂಡಕ್ಟರ್ ನಡೆಯುವ ಗಾಡಿಯಲ್ಲೇ ರೊಕ್ಕ ಎಣಿಸುತ್ತಾನೆ, ನಮ್ಮ ಗುಳೇದಗುಡ್ಡದ ಬಸ್ಸಿನ ಹಾಗೆಯೇ.

ಬಸ್ಸು ನಮ್ಮನ್ನು ಮೋಪಾನ್ ನದಿ ದಂಡೆಗೆ ಇಳಿಸಿತು. ಅಲ್ಲಿ ಹಗ್ಗ ಕಟ್ಟಿದ ಕಟ್ಟಿಗೆಯ ಫೆರಿ. ಎಂಜಿನ್ ಇರಲಿಲ್ಲ, ಒಬ್ಬ ಮನುಷ್ಯ ನಿಂತು ಹಿಡಿಕೆ ತಿರುಗಿಸಿದರೆ ಕಾರಿನ ಸಮೇತ ಆಚೆ ದಡಕ್ಕೆ ಹೋಗುತ್ತಿತ್ತು, ಪುಕ್ಕಟೆ. ನನಗೂ ಒಂದು ಸುತ್ತು ತಿರುಗಿಸಲು ಕೊಟ್ಟ. ಆಚೆ ದಡಕ್ಕೆ ಇಳಿದು ನೋಡಿದರೆ ಮುಂದೆ ಒಂದು ಮೈಲಿ ಏರು ದಾರಿ, ನೆತ್ತಿಯ ಮೇಲೆ ಎರಡು ಗಂಟೆಯ ಬಿಸಿಲು. ಗಾಡಿಯಲ್ಲಿ ಬಂದವರು ಗಾಡಿಯಲ್ಲೇ ಮೇಲೆ ಹೋಗುತ್ತಾರೆ. ಬಸ್ಸಿನಲ್ಲಿ ಬಂದ ನಮಗೆ ಕಾಲೇ ಗತಿ. ದಾರದಿಂದ ಅಳೆದ ಹುಡುಗನಿಗೆ ದೂರ ಗೊತ್ತಾಗಿತ್ತು, ಏರು ಗೊತ್ತಾಗಿರಲಿಲ್ಲ. ಗುಹೆ ಲೆಕ್ಕ ಹಾಕಿದ್ದು ಗುಡಿಯ ಮೆಟ್ಟಿಲಿಗೆ ಮಾತ್ರ, ಗುಡಿಗೆ ಹೋಗುವ ದಾರಿಗೆ ಹಾಕಿರಲಿಲ್ಲ. ನಮ್ಮವರು ನದಿ ದಂಡೆಯ ಮರದ ಕೆಳಗೆ ಕೂತರು. ನಾನೊಬ್ಬಳೇ ನಡೆದು ಮುಟ್ಟಿದಾಗ ಮೂರು ಹತ್ತಿರ. ನಾಲ್ಕಕ್ಕೆ ಬಾಗಿಲು ಹಾಕುತ್ತಾರೆ.

ಒಂದೇ ತಾಸು ಸಿಕ್ಕಿತು. 40 ಮೀಟರ್ ಎತ್ತರದ ಎಲ್ ಕಾಸ್ಟಿಯೊ ಗುಡಿ, ಅದರ ಪೂರ್ವ ಮಗ್ಗುಲಿಗೆ ಗಚ್ಚಿನ ದೊಡ್ಡ ಉಬ್ಬುಚಿತ್ರದ ಪಟ್ಟಿ. ಕಣ್ಣಿಗೆ ಕಾಣುವುದು ಫೈಬರ್‌ಗ್ಲಾಸಿನ ಪ್ರತಿ, ಮೂಲವನ್ನು ಮಳೆ ಬಿಸಿಲು ತಾಗದಂತೆ ಅದರ ಹಿಂದೆ ಮುಚ್ಚಿಟ್ಟಿದ್ದಾರೆ. ಅದು ಪ್ರತಿ ಅಂತ ಗೊತ್ತಾದಾಗ ಮೊದಲು ಮನಸ್ಸು ಪಿಚ್ಚೆಂದಿತು. ಆಮೇಲೆ ಬಾದಾಮಿ ಗುಹೆಯ ಗೋಡೆಗಳ ಮೇಲೆ ಕೈಯಾಡಿಸಿ ಆಡಿಸಿ ನುಣ್ಣಗಾದ ಮೂರ್ತಿಗಳು ನೆನಪಾದವು. ಅವರು ಮಾಡಿದ್ದೇ ಸರಿ.

ಕಾರಕೋಲ್‌ಗೆ ಭಾನುವಾರ. ಈ ದಿನದ ಹಾಳೆಯಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಇಂಥ ಒಂದು ದಿನಕ್ಕಾಗಿ ಅವನಿಗೆ ಉಳಿದದ್ದೆಲ್ಲ ಮಾಫಿ ಮಾಡಬಹುದು.

ಮುಂಜಾನೆ ಆರಕ್ಕೆ ಗಾಡಿ. ಪೈನ್ ಮರಗಳ ಗುಡ್ಡ ದಾಟಿ, ಚಿಕಿಬುಲ್ ಕಾಡಿನೊಳಗೆ. ಇಳಿದ ಕೂಡಲೇ ಎಲ್ಲಿಂದಲೋ ಹುಲಿ ಗುರುಗುಟ್ಟಿದಂಥ ಸದ್ದು. ನಮ್ಮವರು ನನ್ನ ಕೈ ಹಿಡಿದುಕೊಂಡರು. ಗೈಡ್ ಮೇಲೆ ಕೈ ತೋರಿಸಿದ: ಕರಿ ಹೌಲರ್ ಮಂಗ, ತೂಕ ಒಂದು ನಾಯಿಯಷ್ಟೂ ಇಲ್ಲ. ಬಾದಾಮಿ ಮಂಗಗಳ ಹಾಗೆ ಕೆಳಗಿಳಿದು ಚೀಲಕ್ಕೆ ಕೈ ಹಾಕುವುದಿಲ್ಲ, ಮೇಲೇ ಕೂತು ಕೂಗುತ್ತದೆ.

1937ರಲ್ಲಿ ಮಹಾಗನಿ ಮರ ಹುಡುಕಿಕೊಂಡು ಬಂದ ಕೂಲಿಯೊಬ್ಬನ ಕಣ್ಣಿಗೆ ಬಿದ್ದ ಊರು ಇದು. ಅದರ ಉಚ್ಛ್ರಾಯದಲ್ಲಿ ಲಕ್ಷದಷ್ಟು ಜನ ಇದ್ದರು ಅಂತ ಅಗೆದು ನೋಡಿದವರ ಅಂದಾಜು. ಇಷ್ಟು ಜನಕ್ಕೆ ಹತ್ತಿರದಲ್ಲಿ ಹೊಳೆ ಇಲ್ಲ, ಬಾವಿ ಇಲ್ಲ. ಮಳೆನೀರು ಹಿಡಿಯಲು ಕೆರೆ ಕಟ್ಟಿಕೊಂಡರು. ಅಂಥ ಒಂದು ಕೆರೆಯ ದಂಡೆಯಲ್ಲಿ ನಿಂತಾಗ ನನಗೆ ಅಗಸ್ತ್ಯ ತೀರ್ಥ ಕಣ್ಣಿಗೆ ಕಟ್ಟಿತು. ನಮ್ಮ ಬಾದಾಮಿಯಲ್ಲಿಯೂ ಗುಡ್ಡದ ನೀರನ್ನು ಕಟ್ಟೆ ಹಾಕಿ ನಿಲ್ಲಿಸಿದ್ದಾರೆ.

ನಮ್ಮ ಗೈಡ್ ಮಾಯಾ ಕುಲದವನೇ, ಮೂವತ್ತರ ಆಸುಪಾಸು. ಹುಡುಗ ಅವನಿಗೆ ಮೊದಲೇ ನನ್ನ ಬಗ್ಗೆ ಬರೆದು ಹೇಳಿದ್ದ: ರಿಟೈರ್ಡ್ ಇತಿಹಾಸ ಟೀಚರ್, ಇಸವಿಗಳನ್ನು ಕೇಳುತ್ತಾರೆ, ಅವಸರ ಮಾಡಬೇಡ. ಚೆಂಡಾಟದ ಅಂಗಳದಲ್ಲಿ ನಿಲ್ಲಿಸಿ, ಇಲ್ಲಿ 1986ರಲ್ಲಿ ಸಿಕ್ಕ ದುಂಡು ಕಲ್ಲಿನ ಬಗ್ಗೆ ಹೇಳಿದ. ದೊಡ್ಡ ನಗರ ತಿಕಾಲ್ 562ರಲ್ಲಿ ಸೋತ ಸುದ್ದಿ ಅದರ ಮೇಲಿದೆ. ಹೇಗೆ ಬರೆದಿದ್ದಾರೆ ಅಂತ ಕೇಳಿದೆ. ಅವನು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಕೂತ. ಒಂದು ಚುಕ್ಕೆ ಅಂದರೆ ಒಂದು. ಒಂದು ಗೆರೆ ಅಂದರೆ ಐದು. ಸೊನ್ನೆಗೆ ಕವಡೆಯಂಥ ಚಿತ್ರ. ಮೇಲಿನ ಸಾಲಿಗೆ ಒಂದು ಗೆರೆ, ನಾಲ್ಕು ಚುಕ್ಕೆ: ಒಂಬತ್ತು. ಅದರ ಕೆಳಗೆ ಗೆರೆ, ಒಂದು ಚುಕ್ಕೆ: ಆರು. ಗೆರೆ, ಮೂರು ಚುಕ್ಕೆ: ಎಂಟು. ಆಮೇಲೆ ನಾಲ್ಕು ಚುಕ್ಕೆ. ಕೊನೆಗೆ ಎರಡು. 9, 6, 8, 4, 2. ಮಾಯಾ ಜನರ ದಿನ ಲೆಕ್ಕದಲ್ಲಿ ಇದೇ ಆ ದಿನ, 562ರ ಏಪ್ರಿಲ್.

ನಾನೂ ಕಡ್ಡಿ ಇಸಿದುಕೊಂಡೆ. ಪಕ್ಕದಲ್ಲಿ ೪೬೫ ಅಂತ ಬರೆದೆ. ಬಾದಾಮಿ ಕೋಟೆಯ ಬಂಡೆಯ ಮೇಲೆ ಒಂದನೇ ಪುಲಕೇಶಿ ಬರೆಸಿದ ಶಕವರ್ಷ 465, ಅಂದರೆ 543. ನಾವು ಅಂಕಿ ಕೆತ್ತಲಿಲ್ಲ, ಮಾತಿನಲ್ಲಿ ಬರೆಸಿದೆವು, ನಾಲ್ಕು ನೂರರ ಮೇಲೆ ಅರವತ್ತೈದು ಅಂತ ಸಂಸ್ಕೃತದಲ್ಲಿ. ಅಲ್ಲಿ ಕೋಟೆ ಕಟ್ಟಿ 19 ವರ್ಷಕ್ಕೆ ಇಲ್ಲಿ ಈ ಯುದ್ಧ. ಗೈಡ್ ಎರಡೂ ಬರಹವನ್ನು ಬಹಳ ಹೊತ್ತು ನೋಡಿ, ಕಾಲಿಂದ ಅಳಿಸದೆ ಸುತ್ತು ಹಾಕಿ ಮುಂದೆ ನಡೆದ.

ಕಾನಾ ಗುಡಿ 43 ಮೀಟರ್. ಮನುಷ್ಯರು ಕಟ್ಟಿದ್ದರಲ್ಲಿ ಬೆಲೀಜ್‌ನಲ್ಲಿ ಇವತ್ತಿಗೂ ಅದೇ ಎತ್ತರ. ಒಂದೊಂದು ಮೆಟ್ಟಿಲೂ ಮೊಣಕಾಲೆತ್ತರ, ಮೂರು ಕಡೆ ಕೂತು ಏರಿದೆ. ಕೆಳಗಿಂದ ನೋಡಿದರೆ ತುದಿ ಅಂತ ಕಾಣುವುದು ತುದಿಯಲ್ಲ. ಅಲ್ಲಿ ಹತ್ತಿದರೆ ಒಂದು ಅಂಗಳ, ಅಂಗಳದ ಮೂರು ಮಗ್ಗುಲಿಗೆ ಮೂರು ಗುಡಿ. ಮೇಲೆ ನಿಂತರೆ ಕಾಡು, ಕಾಡು, ಆಚೆ ಗ್ವಾಟೆಮಾಲಾದ ಗುಡ್ಡ. ನಮ್ಮವರು ಕೆಳಗೆ ನೆರಳಲ್ಲಿ ಕೂತು ಕೈ ಎತ್ತಿ ತೋರಿಸುತ್ತಿದ್ದರು. ಹಾಳೆಯಲ್ಲಿ ಬರೆದ ನೆರಳು ಬರೆದ ಜಾಗದಲ್ಲೇ ಇತ್ತು. ಆ ಹಿಂದಿನ ಬೆಂಚಿನ ಹುಡುಗಿ ಈಗ ಎಲ್ಲಿದ್ದಾಳೋ. ಮೇಲೆ ನಿಂತು ಅವಳಿಗೆ ಉತ್ತರ ಹೇಳಿದೆ, ಬಾಯಿ ಬಿಟ್ಟು ಹೇಳಿದೆ. ನಾವು ಬಂದ ಮರುವರ್ಷ, 2025ರ ಜುಲೈಯಲ್ಲಿ, 331ರಲ್ಲಿ ಪಟ್ಟಕ್ಕೆ ಬಂದ ಕಾರಕೋಲ್‌ನ ಮೊದಲ ಅರಸನ ಸಮಾಧಿ ಸಿಕ್ಕಿದೆ ಅನ್ನುವ ಸುದ್ದಿ ಬಂತು. 1985ರಿಂದ ಅಲ್ಲಿಯೇ ಅಗೆಯುತ್ತಾ ಬಂದ ಪುರಾತತ್ವ ತಜ್ಞರಾದ ಚೇಸ್ ದಂಪತಿಗೆ ಸಿಕ್ಕದ್ದು. ಪೇಪರ್ ಓದುವಾಗ ಕೈ ನಡುಗಿತು.

ವಾಪಸ್ ಬರುವಾಗ ರಿಯೊ ಆನ್ ಅನ್ನುವ ಕಡೆ ಕಲ್ಲುಬಂಡೆಗಳ ನಡುವೆ ಹರಿಯುವ ನೀರು. ನಮ್ಮವರು ಕಾಲು ಇಳಿಬಿಟ್ಟು ಒಂದು ತಾಸು ಕೂತರು. ಆ ಒಂದು ತಾಸು ಕೂಡ ಹಾಳೆಯಲ್ಲಿ ಇತ್ತು: “ಕಾಕಾನ ಕಾಲಿಗೆ.”

ಸೋಮವಾರ ಹಮ್ಮಿಂಗ್‌ಬರ್ಡ್ ಹೆದ್ದಾರಿ ಹಿಡಿದು ಹಾಪ್ಕಿನ್ಸ್‌ಗೆ. ಕಿತ್ತಳೆ ತೋಟ, ಹಸಿರು ಗುಡ್ಡ, ಆಮೇಲೆ ಸಮುದ್ರ. ಇಲ್ಲಿ ಎರಡು ದಿನ ಏನೂ ಮಾಡಬೇಡಿ ಅಂತ ಬರೆದಿದ್ದ, ಏನೂ ಮಾಡಲಿಲ್ಲ. ಇದು ಗರಿಫುನಾ ಜನರ ಊರು. 1797ರಲ್ಲಿ ಬ್ರಿಟಿಷರು ಸೇಂಟ್ ವಿನ್ಸೆಂಟ್ ದ್ವೀಪದಿಂದ ಓಡಿಸಿದ ಜನ. 1832ರಲ್ಲಿ ಬೆಲೀಜ್‌ನ ದಡಕ್ಕೆ ಬಂದದ್ದನ್ನು ಪ್ರತಿ ನವೆಂಬರ್ 19ಕ್ಕೆ ಹಬ್ಬ ಮಾಡುತ್ತಾರೆ, ದೇಶಕ್ಕೆಲ್ಲ ರಜೆ. ಒಬ್ಬ ಅಜ್ಜಿಯ ಹಿತ್ತಲಿಗೆ ಹೋಗಿದ್ದೆವು. ಮರಗೆಣಸು ತುರಿದು, ಉದ್ದ ಹೆಣೆದ ಚೀಲದಲ್ಲಿ ತುಂಬಿ, ತೂಗುಹಾಕಿ ಹಿಂಡಿ ವಿಷದ ರಸ ತೆಗೆದು, ಒಣಗಿದ ಹಿಟ್ಟನ್ನು ದೊಡ್ಡ ಕಬ್ಬಿಣದ ಹಂಚಿನ ಮೇಲೆ ಹರಡಿ ಬೇಯಿಸುತ್ತಿದ್ದಳು. ಎರೆಬಾ ಅಂತ ಅದರ ಹೆಸರು. ತುಂಡು ಮುರಿದು ಕೊಟ್ಟಳು. ಕಟಕ್ ಅಂತ ಮುರಿಯಿತು. ನಮ್ಮವರು ನನ್ನ ಮುಖ ನೋಡಿದರು. “ಕಡಕ್ ರೊಟ್ಟಿನ ಅಲ್ಲೇನ ಇದು?” ಅಂದರು. ಚೀಲದಿಂದ ಶೇಂಗಾ ಚಟ್ನಿ ತೆಗೆದೆ, ಅಜ್ಜಿಗೂ ಹಚ್ಚಿ ಕೊಟ್ಟೆ. ತಿಂದು, ಕೈ ಚಾಚಿ ಮತ್ತೊಂದಿಷ್ಟು ಇಸಿದುಕೊಂಡಳು. ನಮ್ಮವರು ಆ ವಾರದಲ್ಲಿ ಹೊಟ್ಟೆ ತುಂಬ ಉಂಡ ಮೊದಲ ಊಟ ಅದು.

ಊರಿಗೆ ಬಂದ ಮೇಲೆ ಹುಡುಗನ ಹತ್ತಿರ ಹೋಗಿ ಎರಡೂ ತಪ್ಪನ್ನು ಎದುರಿಗೆ ಕೂತು ಹೇಳಿದೆ. ಏಳು ಹಾಳೆಯನ್ನೂ ವಾಪಸ್ ಇಸಿದುಕೊಂಡು, ಕೆಂಪು ಪೆನ್ನಿನಿಂದ ನಾನು ಹೇಳಿದ್ದನ್ನೆಲ್ಲ ಬದಿಗೆ ಬರೆದುಕೊಂಡ. 1,500 ರೂಪಾಯಿ ವಾಪಸ್ ಕೊಡಲು ಬಂದ. ಬೇಡ ಅಂದೆ, ನಮ್ಮವರ ಅಂಗಿ ಕಿಸೆಯಲ್ಲಿ ಇಟ್ಟೇ ಬಿಟ್ಟ.

ತಂಗಿಗೆ, ಇನ್ನು ಯಾರು ಹೋಗುವುದಿದ್ದರೆ ಅವರಿಗೆ: ಅವನ ಹತ್ತಿರ ಕಡಿಮೆ ಅಂದರೂ ಎರಡು ತಿಂಗಳು ಮೊದಲು ಹೋಗಿ, ನಾಲ್ಕು ಸಲ ಕೂಡುವ ಪುರುಸೊತ್ತು ಇಟ್ಟುಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಹೋಗಿ, ಅಲ್ಲಿ ಆಗ ಮಳೆ ಕಡಿಮೆ. ಬೆಲೀಜ್ ಅಗ್ಗದ ದೇಶವಲ್ಲ, ಡ್ರೈವರ್ ಸಮೇತ ಗಾಡಿಗೇ ಹೆಚ್ಚು ಹೋಗುತ್ತದೆ, ಅದರಲ್ಲಿ ಕಂಜೂಸಿ ಮಾಡಬೇಡಿ. ಇಂಗ್ಲಿಷ್ ಅಲ್ಲಿನ ಸರಕಾರಿ ಭಾಷೆ, ನಾಲ್ಕು ಮಾತು ಬಂದರೆ ಸಾಕು. ನಿಮಗೆ ಬೀಚ್, ಹಡಗು, ಡೈವಿಂಗ್ ಬೇಕಿದ್ದರೆ ಅವನು ನಿಮಗೆ ಸರಿಯಾದವನಲ್ಲ. ಒಂದು ಕಲ್ಲು, ಒಂದು ಗುಡಿ, ಒಂದು ಊರು ಅಂತ ಮನಸ್ಸಿನಲ್ಲಿಟ್ಟುಕೊಂಡು ಹೋಗುವವರಿಗೆ ನಮ್ಮ ಜಿಲ್ಲೆಯಲ್ಲಿ ಇಷ್ಟು ನಿಷ್ಠೆಯಿಂದ ಕೂತು ಕೆಲಸ ಮಾಡಿಕೊಡುವವರನ್ನು ನಾನು ಬೇರೆ ಕಂಡಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಹೋದ ವಾರ ತಂಗಿಯ ಹಾಳೆಗಳು ಬಂದವು. ಶುನಾನ್‌ತುನಿಚ್ ಮುಂಜಾನೆ ಎಂಟಕ್ಕೆ, ಗಾಡಿಯಲ್ಲಿ. ಹತ್ತುವ ದಾರಿಯ ಮುಂದೆಯೂ ಗುಹೆ ಲೆಕ್ಕ ಬರೆದಿದ್ದಾನೆ. ಪ್ರತಿ ಹಾಳೆಯ ಕೆಳಗೆ ಡಾಲರಿನ ಸಾಲಿನ ಪಕ್ಕ ಇನ್ನೊಂದು ಸಾಲು ಸೇರಿದೆ, ಕೆಂಪು ಅಕ್ಷರದಲ್ಲಿ: “ಕಾಳಿನಾಗ ಹಂದಿಬಾಲ ಅದನೇನು ಕೇಳ್ರಿ. ಚೀಲದಾಗ ಶೇಂಗಾ ಚಟ್ನಿ ಇರಲಿ.”